ಆ ಮನೆಗೆ ನಾನು ಬರೋದಿಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಒಗೆಯುವ ಕೋಣೆಗೆ ಕಿಟಕಿ ಇರಲಿಲ್ಲ. ಬಾಯ್ಲರಿನ ಹಬೆ, ಸೋಡಾ ಪುಡಿಯ ಘಾಟು, ಮೂರು ದೊಡ್ಡ ಯಂತ್ರಗಳ ಗುಡುಗುಡು. ಅಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ಹೆಂಗಸನ್ನು ಎಲ್ಲರೂ ಪ್ರಾರ್ಥನೆಯಕ್ಕ ಎಂದೇ ಕರೆಯುತ್ತಿದ್ದರು. ಮೇಲಿನ ವಾರ್ಡುಗಳಿಂದ ಹೊದಿಕೆಗಳು ಟ್ರಾಲಿಯಲ್ಲಿ ಇಳಿದು ಬಂದಾಗ ರಕ್ತದ್ದು ಬೇರೆ, ಹೊಲಸಾದದ್ದು ಬೇರೆ, ಬರೀ ಬೆವರಿನದು ಬೇರೆ ಎಂದು ವಿಂಗಡಿಸಬೇಕಿತ್ತು. ಆ ಕೆಲಸ ಮಾಡುತ್ತಲೇ ಅವಳು ಒಂದೊಂದು ಹೊದಿಕೆಗೂ ತುಟಿಯೊಳಗೇ ಒಂದು ಮಾತು ಹೇಳುತ್ತಿದ್ದಳು: "ಇದರಲ್ಲಿ ಮಲಗಿದ್ದವರು ಯಾರೋ, ಅವರನ್ನ ನೋಡ್ಕೋ ತಂದೆ."

ಇಸ್ತ್ರಿ ಮೇಜಿನ ಹಿರಿಯ, ಎಲ್ಲರಿಗೂ ಇಸ್ತ್ರಿಯಣ್ಣ, ಅವಳನ್ನು ಛೇಡಿಸದ ದಿನವಿರಲಿಲ್ಲ. "ಅಕ್ಕಾ, ಆ ದಿಂಬಿನ ಚೀಲಕ್ಕೂ ಒಂದು ಹೇಳಿಬಿಡು. ಪಾಪ, ಅದು ಬೇಜಾರು ಮಾಡ್ಕೊಂಡು ಕೂತಿದೆ."

"ಹೇಳಾಯ್ತು. ನಿನಗೂ ಸೇರಿಸಿಯೇ ಹೇಳಿದೀನಿ."

"ನನಗೆ ಬೇಡಮ್ಮಾ. ನಾನು ನಿನ್ನ ಸ್ವರ್ಗಕ್ಕೆ ಬಂದ್ರೆ ಅಲ್ಲೂ ಇಸ್ತ್ರಿ ಹಾಕು ಅಂತಾರೆ."

ಹೀಗೆ ನಗುತ್ತಲೇ ಇರುತ್ತಿದ್ದ ಅವಳಿಗೆ ಸ್ವಂತದ್ದೆನ್ನುವ ಮನೆ ಹುಟ್ಟಿನಿಂದಲೂ ಇರಲಿಲ್ಲ. ಅಪ್ಪ ಅಮ್ಮ ಯಾರೆಂದು ತಿಳಿಯದೆ ಅನಾಥಾಲಯದ ಉದ್ದನೆಯ ಹಜಾರದಲ್ಲಿ ನಲವತ್ತು ಮಂಚಗಳ ನಡುವೆ ಬೆಳೆದವಳು. ಅಲ್ಲಿನ ಮೇಲ್ವಿಚಾರಕಿಯೊಬ್ಬರು ಸಂಜೆಯ ಪ್ರಾರ್ಥನೆಯಾದ ಮೇಲೆ ಪರಲೋಕದಲ್ಲಿರುವ ದೇವರ ಮನೆಯ ವಿಷಯ ಹೇಳುತ್ತಿದ್ದರು. ಯೇಸು ನಮಗಿಂತ ಮುಂದೆ ಹೋಗಿದ್ದಾನೆ, ಒಬ್ಬೊಬ್ಬರಿಗೂ ಜಾಗ ಸಿದ್ಧ ಮಾಡುತ್ತಿದ್ದಾನೆ, ಅಲ್ಲಿಂದ ಯಾರನ್ನೂ ಯಾರೂ ಹೊರಗೆ ಕಳಿಸುವುದಿಲ್ಲ ಎಂದು. ಉಳಿದ ಮಕ್ಕಳು ಆಕಳಿಸುತ್ತಾ ಕಥೆ ಕೇಳಿದ ಹಾಗೆ ಕೇಳಿದರು. ಇವಳು ಮಾತ್ರ ಯಾರೋ ವಿಳಾಸ ಬರೆದುಕೊಟ್ಟ ಹಾಗೆ ಅದನ್ನು ಜೋಪಾನ ಮಾಡಿಕೊಂಡಳು. ಮನಸ್ಸಿನಲ್ಲೇ ಆ ಮನೆಗೆ ಬಾಗಿಲು ಇಟ್ಟಳು, ಪೂರ್ವಕ್ಕೊಂದು ಕಿಟಕಿ ಇಟ್ಟಳು, ಸಾಲಿನಲ್ಲಿ ನಿಲ್ಲದೆ ನೀರು ಬರುವ ನಲ್ಲಿ ಇಟ್ಟಳು. ಬೆಳೆದು ದೊಡ್ಡವಳಾದ ಮೇಲೂ ಆ ಕಿಟಕಿಯನ್ನು ಅಲ್ಲಿಂದ ಕದಲಿಸಲಿಲ್ಲ.

ಆಸ್ಪತ್ರೆಯ ಮೆಟ್ಟಿಲುಗಳಿಗೆ ಹೊಸ ಕಲ್ಲು ಹಾಸಿದ ವರ್ಷ ಅದಕ್ಕೆ ಪಾಲಿಶ್ ಹಿಡಿಯಲು ಬಂದವನೇ ಅವಳ ಗಂಡನಾದ. ಮೈತುಂಬ ಬಿಳಿ ದೂಳು, ಹುಬ್ಬಿನ ಮೇಲೂ ದೂಳು. ಮೊದಲ ಸಲ ಕಂಡಾಗ ಮುದುಕನೆಂದೇ ಅಂದುಕೊಂಡು "ಅಜ್ಜಾ, ಸ್ವಲ್ಪ ದಾರಿ ಬಿಡಿ" ಎಂದಿದ್ದಳು. ಮಾರನೆಯ ದಿನ ಅವನು ಮುಖ ತೊಳೆದು, ತಲೆ ಬಾಚಿ ಬಂದು, "ಅಜ್ಜನ ಮೊಮ್ಮಗ ಬಂದಿದ್ದೀನಿ, ಈಗ ದಾರಿ ಬಿಡ್ಲಾ?" ಎಂದು ಕೇಳಿದ. ಇಂಥವನನ್ನು ಬಿಡುವುದು ಹೇಗೆ? ಮದುವೆಯಾದರು. ಒಂದು ಕೋಣೆ, ಒಂದು ಅಡುಗೆಯ ಮೂಲೆ. ಭಾನುವಾರ ಚರ್ಚಿನಲ್ಲಿ ಅವನು ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದ. ಮುಂದಿನ ಸಾಲಿನವರು ತಿರುಗಿ ನೋಡಿದರೆ ಇನ್ನೂ ಸ್ವಲ್ಪ ಏರಿಸುತ್ತಿದ್ದ.

ಐದು ವರ್ಷಕ್ಕೆ ಮಗಳು ಹುಟ್ಟಿದಳು. ಅಪ್ಪನ ಬಾಯಿ, ಅಮ್ಮನ ಹಟ. ಅಮ್ಮ ಮಲಗಿಸುತ್ತಾ ದೇವರ ಮನೆಯ ಸುದ್ದಿ ಹೇಳಿದರೆ ಅದಕ್ಕೆ ನೂರೆಂಟು ಪ್ರಶ್ನೆ. "ಅಲ್ಲಿ ನೀನು ಬಟ್ಟೆ ಒಗೀತೀಯಾ?"

"ಅಲ್ಲಿ ಯಾವ್ದೂ ಕೊಳೆಯಾಗಲ್ಲ ಕಂದ."

"ಅಪ್ಪ ಬಂದ್ರೆ ಆಗುತ್ತೆ."

ಅವನು ಮೂಲೆಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಮಗಳಿಗೆ ಆರು ತುಂಬಿದ ವರ್ಷ ಒಂದು ದಿನ ಶಾಲೆಗೆ ರಜೆ ಬಂತು. ಅವಳಿಗೆ ಕೆಲಸದ ಪಾಳಿ ಬದಲಿಸಿಕೊಳ್ಳಲು ಆಗಲಿಲ್ಲ. "ನನ್ನ ಜೊತೆ ಬರ್ಲಿ ಬಿಡು, ಕಲ್ಲು ಹೇಗೆ ಹೊಳೆಯುತ್ತೆ ತೋರಿಸ್ತೀನಿ" ಎಂದು ಅವನು ಮಗುವನ್ನು ತಾನು ಕೆಲಸ ಮಾಡುವ ಕಲ್ಲಿನ ಕಾರ್ಖಾನೆಗೆ ಕರೆದುಕೊಂಡು ಹೋದ. ಪಾಲಿಶ್ ಯಂತ್ರಗಳಿಂದ ಹರಿದು ಬರುವ ಬಿಳಿ ಕೆಸರು ನೀರು ನಿಲ್ಲಲು ಅಂಗಳದ ಹಿಂದೆ ಒಂದು ಹೊಂಡವಿತ್ತು. ಮೇಲೆ ಹೆಪ್ಪುಗಟ್ಟಿದ ಹಾಗೆ ಕಾಣುತ್ತಿತ್ತು, ಗಟ್ಟಿ ನೆಲವೆಂದೇ ಅನಿಸುವಂತೆ. ಅವನು ಮಗುವನ್ನು ಒಂದು ಕಲ್ಲಿನ ಮೇಲೆ ಕೂರಿಸಿ, "ಇಲ್ಲಿಂದ ಅಲ್ಲಾಡಬೇಡ" ಎಂದು ಹೇಳಿ ಯಂತ್ರ ಹಿಡಿದ. ಆ ಸದ್ದಿನಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಅವನು ತಿರುಗಿ ನೋಡುವಷ್ಟರಲ್ಲಿ ಕಲ್ಲು ಖಾಲಿಯಿತ್ತು.

ಮಗುವನ್ನು ಅವಳು ಕೆಲಸ ಮಾಡುವ ಆಸ್ಪತ್ರೆಗೇ ತಂದರು. ನೆಲಮಾಳಿಗೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದಳು. ಮಗುವಿನ ಮೈಮೇಲೆ ಅಪ್ಪನ ಮೈಮೇಲಿರುತ್ತಿದ್ದಂಥದೇ ಬಿಳಿ. ಆಮೇಲೆ ತಾನು ಏನು ಮಾಡಿದೆ, ಏನು ಅಂದೆ ಎಂಬುದು ಅವಳ ನೆನಪಿನಲ್ಲಿ ಉಳಿಯಲೇ ಇಲ್ಲ. ಯಾರೋ ಹಿಡಿದುಕೊಂಡರು, ಯಾರೋ ನೀರು ಕುಡಿಸಿದರು, ಅಷ್ಟೆ.

ಹನ್ನೊಂದು ವರ್ಷ ಕಳೆಯಿತು. ಅವಳು ಬದುಕಿ ಉಳಿದದ್ದು ಆ ಮನೆಯ ಬಲದಿಂದ. ಮಗಳು ಅಲ್ಲಿದ್ದಾಳೆ, ಪೂರ್ವದ ಕಿಟಕಿಯ ಹತ್ತಿರ ಇದ್ದಾಳೆ, ನಾನೂ ಒಂದು ದಿನ ಹೋಗುತ್ತೇನೆ ಎಂದು ಹೇಳಿಕೊಂಡೇ ಬೆಳಿಗ್ಗೆ ಎದ್ದಳು, ಹೊದಿಕೆ ವಿಂಗಡಿಸಿದಳು, ಹಿಂಡಿದಳು, ಮಡಿಚಿದಳು. ಅವನು ಮಾತ್ರ ಚರ್ಚಿನ ಒಳಗೆ ಕಾಲಿಡುವುದನ್ನೇ ಬಿಟ್ಟ. ಹಾಗೆಂದು ಮನೆಯಲ್ಲೂ ಕೂರುತ್ತಿರಲಿಲ್ಲ. ಭಾನುವಾರ ಅವಳ ಜೊತೆ ಗೇಟಿನ ತನಕ ಬರುತ್ತಿದ್ದ. ಅವಳು ಒಳಗೆ ಹೋದರೆ ಹೊರಗಿನ ಗೋಡೆಗೆ ಒರಗಿ ನಿಂತು, ಕೊನೆಯ ಹಾಡು ಮುಗಿಯುವ ತನಕ ಕಾದು, ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಮಳೆ ಬಂದರೂ ಒಳಗೆ ಬರುತ್ತಿರಲಿಲ್ಲ. ದೇವರ ಮೇಲೆ ಮುನಿಸಿಕೊಂಡಿದ್ದಾನೆ, ಒಂದು ದಿನ ಇಳಿಯುತ್ತದೆ ಎಂದು ಅವಳು ತಿಳಿದಿದ್ದಳು. ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಅಷ್ಟು ವರ್ಷ ಒಂದು ಹೆಸರನ್ನು ತಪ್ಪಿಸಿಕೊಂಡು ಓಡಾಡುವುದು ಸಣ್ಣ ಕೆಲಸವಲ್ಲ, ಆದರೂ ಮಾಡಿದರು.

ಆಮೇಲೆ ಅವನಿಗೆ ಕೆಮ್ಮು ಹಿಡಿಯಿತು. ಮೆಟ್ಟಿಲು ಹತ್ತಿದರೆ ದಮ್ಮು. ಕಲ್ಲಿನ ದೂಳು ಒಳಗೆ ಹೋಗಿ ಹೋಗಿ ಎದೆಯೊಳಗೇ ಕಲ್ಲು ಕಟ್ಟಿದೆ, ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. "ಅಂದ್ರೆ ಒಳಗೂ ಪಾಲಿಶ್ ಆಗಿದೆ ಅನ್ನಿ" ಎಂದು ಅವನು ಡಾಕ್ಟರಿಗೇ ಹೇಳಿದ. ಡಾಕ್ಟರು ನಗಲಿಲ್ಲ. ಮೂರನೆಯ ಮಹಡಿಯ ಎದೆ ವಾರ್ಡಿನಲ್ಲಿ ಬಾಗಿಲಿನಿಂದ ನಾಲ್ಕನೆಯ ಮಂಚ ಕೊಟ್ಟರು, ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದರು. ಹೆಚ್ಚೆಂದರೆ ಒಂದೆರಡು ತಿಂಗಳು ಎಂದು ನರ್ಸಮ್ಮ ಅವಳನ್ನು ಪಕ್ಕಕ್ಕೆ ಕರೆದು ಹೇಳಿದಳು.

ಅವಳಿಗೆ ದಿಗಿಲು ಹತ್ತಿದ್ದು ಆಗ. ಸಾವಿನ ದಿಗಿಲಲ್ಲ. ಈ ಮನುಷ್ಯ ಹೀಗೇ ಗೋಡೆಯ ಹೊರಗೇ ನಿಂತು ಹೋಗಿಬಿಟ್ಟರೆ? ತಾನು ಮತ್ತು ಮಗಳು ಒಂದು ಕಡೆ, ಅವನು ಇನ್ನೊಂದು ಕಡೆ, ಅದೂ ಎಂದೆಂದಿಗೂ? ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಮೂರು ಮಹಡಿ ಓಡಿ ಹತ್ತಿ ಅವನ ಮಂಚದ ಪಕ್ಕ ಕೂತು ಗೋಗರೆದಳು. "ಒಂದು ಸಲ ಪ್ರಾರ್ಥನೆ ಮಾಡ್ರೀ. ನನ್ನ ಜೊತೆ ಹೇಳಿದ್ರೆ ಸಾಕು. ಬಾಯಿ ಬಿಟ್ಟು ಹೇಳೋಕೂ ಬೇಡ, ಮನಸ್ಸಲ್ಲೇ ಹೇಳಿ."

"ಉಸಿರಿಲ್ಲ ಕಣೇ" ಎನ್ನುತ್ತಿದ್ದ.

"ಕೆಮ್ಮೋಕೆ ಉಸಿರಿದೆ, ಜೋಕು ಮಾಡೋಕೆ ಉಸಿರಿದೆ."

ಅವಳು ಉಪವಾಸ ಮಾಡಿದಳು. ಜಗಳ ಮಾಡಿದಳು. ಒಂದು ದಿನ ಪಕ್ಕದ ಮಂಚದವರ ಎದುರಿಗೇ ಅವನ ಕಾಲು ಹಿಡಿದುಕೊಂಡಳು. ಅವನು ಕಾಲು ಎಳೆದುಕೊಂಡು ಹೊದಿಕೆಯೊಳಗೆ ಸೇರಿಸಿದ. ಕೊನೆಗೆ ಪಾದ್ರಿಗಳನ್ನು ಕರೆತಂದಳು. ಹೊಸಬರು, ಇನ್ನೂ ಮೂವತ್ತು ದಾಟದವರು, ಒಳ್ಳೆಯವರು. ಅವರು ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಮಾತಾಡಿದರು. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ: "ಪಾದ್ರಿಗಳೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ದೇವರ ಮೇಲೂ ಇಲ್ಲ. ಆದ್ರೆ ಆ ಮನೆಗೆ ನಾನು ಬರೋದಿಲ್ಲ." ಹೇಳಿ ಗೋಡೆಯ ಕಡೆ ಹೊರಳಿದ.

ಹೊರಗೆ ಮೆಟ್ಟಿಲಿನ ಹತ್ತಿರ ಅವಳು ಪಾದ್ರಿಗಳನ್ನು ಬಿಡಲಿಲ್ಲ. "ಅಲ್ಲಿ ಕಣ್ಣೀರೇ ಇರಲ್ಲ ಅಂತೀರಲ್ಲ. ಅವರು ಇಲ್ದೇ ನಾನು ಅಲ್ಲಿ ಅಳದೇ ಇರೋದು ಹೇಗೆ? ನನ್ನ ಗಂಡ ಅಂತ ಒಬ್ಬನಿದ್ದ ಅನ್ನೋದನ್ನೇ ದೇವರು ಮರೆಸಿಬಿಡ್ತಾನಾ? ಹಾಗೆ ಮರೆತವಳು ನಾನೇ ಹೇಗಾಗ್ತೀನಿ?"

ಪಾದ್ರಿಗಳು ಮೆಟ್ಟಿಲಿನ ಕಂಬಿ ಹಿಡಿದುಕೊಂಡರು. "ಅಮ್ಮಾ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಇದೆ ಅಂತ ಸುಳ್ಳು ಹೇಳೋಕೂ ಮನಸ್ಸಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿದ್ದನ್ನು ಕಂಡು ಅವಳಿಗೆ ಇನ್ನಷ್ಟು ಭಯವಾಯಿತು. ಪಾದ್ರಿಗಳಿಗೇ ಗೊತ್ತಿಲ್ಲದ ಮೇಲೆ ಇನ್ನು ಯಾರನ್ನು ಕೇಳುವುದು?

ಮಾರನೆಯ ದಿನ ಅವಳು ಹತ್ತಿ ಬಂದಾಗ ಅವನು ಎರಡು ದಿಂಬಿಗೆ ಒರಗಿ ಕೂತಿದ್ದ. ತುಟಿ ನೀಲಿಯಾಗಿತ್ತು. ಅವಳು ಮತ್ತೆ ಶುರು ಮಾಡಿದಳು. ಈ ಸಲ ಮಗಳ ಹೆಸರು ಹಿಡಿದೇ ಶುರು ಮಾಡಿದಳು, ಬೇರೆ ಅಸ್ತ್ರ ಯಾವುದೂ ಉಳಿದಿರಲಿಲ್ಲ. "ಅವಳು ಅಲ್ಲಿ ನಿಮ್ಮ ದಾರಿ ಕಾಯ್ತಿರ್ತಾಳೆ ಕಣ್ರೀ. ಅವಳನ್ನ ನೋಡ್ಬೇಕು ಅಂತ ನಿಮಗೆ ಅನಿಸಲ್ವಾ?"

ಅವನ ಮುಖ ಕಿವುಚಿಕೊಂಡಿತು. "ನೀನೇ ಬೇಡ ಅಂದಿದ್ದೆ."

"ನಾನಾ? ಯಾವಾಗ?"

"ಅವತ್ತು. ಕೆಳಗೆ, ಮಗೂನ ಇಟ್ಟಿದ್ದ ಕೋಣೇಲಿ." ಅವನು ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಂಡ. "ನನ್ನ ಅಂಗಿ ಹಿಡ್ಕೊಂಡು ಹೇಳಿದೆ. ಮಗೂನ ನೀನೇ ಕೊಂದೆ ಅಂದೆ. ಅದು ಸರಿ, ಅದು ನಿಜಾನೇ. ಆಮೇಲೆ ಇನ್ನೊಂದು ಹೇಳಿದೆ. ನಿನ್ನ ಮುಖ ಅವಳಿಗೆ ಇನ್ನು ಇಲ್ಲೂ ಕಾಣಬಾರದು, ಅಲ್ಲೂ ಕಾಣಬಾರದು ಅಂದೆ."

ಅವಳಿಗೆ ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅನುಮಾನವಿರಲಿಲ್ಲ. ತನ್ನ ಬಾಯಿ ಅವಳಿಗೆ ಗೊತ್ತಿತ್ತು.

"ಅದಕ್ಕೇ ಚರ್ಚಿಗೆ..."

"ನೀನು ಒಳಗೆ ಹೋಗಿ ಅವಳ ಜೊತೆ ಮಾತಾಡ್ತೀಯ ಅಂತ ನನಗೆ ಗೊತ್ತಿತ್ತು. ನಾನ್ಯಾಕೆ ಮಧ್ಯೆ ಬರ್ಲಿ ಅಂತ ಹೊರಗೇ ನಿಲ್ತಿದ್ದೆ." ಮೂಗಿನ ನಳಿಗೆ ಸರಿಮಾಡಿಕೊಂಡು ಹೇಳಿದ: "ನನಗೆ ನಂಬಿಕೆ ಇಲ್ಲ ಅಂದ್ಕೊಂಡಿದ್ದೀಯ. ಇಲ್ದೇ ಇದ್ರೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಸತ್ತೆ, ಮುಗೀತು ಅಂತ ಹಾಯಾಗಿ ಹೋಗ್ತಿದ್ದೆ. ಆ ಮನೆ ಇದೆ, ಅವಳು ಅಲ್ಲಿದ್ದಾಳೆ, ಅದು ನನಗೆ ಚೆನ್ನಾಗಿ ಗೊತ್ತು. ಬಾಗಿಲು ತೆಗೆದು ಅವಳೇ ಬಂದು ಅಪ್ಪಾ ಯಾಕೆ ನೋಡ್ಲಿಲ್ಲ ಅಂತ ಕೇಳಿದ್ರೆ ನಾನು ಏನ್ ಹೇಳ್ಲಿ?"

ಬಿಡುವು ಮುಗಿದ ಗಂಟೆ ಹೊಡೆಯಿತು. ಎದ್ದು ಹೋದಳು. ಆ ಮಧ್ಯಾಹ್ನ ಅವಳು ಹೊದಿಕೆಗಳನ್ನು ಸುಮ್ಮನೆ ವಿಂಗಡಿಸಿದಳು, ತುಟಿ ಅಲ್ಲಾಡಲಿಲ್ಲ. ಇಸ್ತ್ರಿಯಣ್ಣ ಎರಡು ಸಲ ತಲೆಯೆತ್ತಿ ನೋಡಿದ. ಯಂತ್ರ ತಿರುಗುತ್ತಿತ್ತು. ಹನ್ನೊಂದು ವರ್ಷ ತಾನು ಮಗಳ ಜೊತೆ ಒಳಗೆ ಕೂತು ಅವನನ್ನು ಹೊರಗೆ ನಿಲ್ಲಿಸಿದ್ದಳು. ಬಾಗಿಲು ಹಾಕಿದ್ದೂ ತಾನೇ. ಈಗ ಅದೇ ಬಾಗಿಲಿನಿಂದ ತಲೆ ಹೊರಗೆ ಹಾಕಿ ಬನ್ನಿ ಬನ್ನಿ ಎಂದು ಕೂಗುತ್ತಿದ್ದವಳೂ ತಾನೇ.

ಮರುದಿನ ಬಿಡುವಿನ ತನಕ ಕಾಯಲಿಲ್ಲ. ಬೆಳಿಗ್ಗೆಯೇ ಒದ್ದೆ ಏಪ್ರನ್ನಿನಲ್ಲೇ ಹತ್ತಿ ಹೋದಳು.

"ಆ ಮಾತು ನಂದು" ಎಂದಳು. "ದೇವರದಲ್ಲ. ಮಗಳದ್ದಂತೂ ಅಲ್ಲವೇ ಅಲ್ಲ. ನನ್ನ ಬಾಯಿ ಸುಟ್ಟುಹೋಗ್ಲಿ. ವಾಪಸ್ ತಗೊಂಡಿದ್ದೀನಿ ಕಣ್ರೀ, ಪೂರ್ತಿ ವಾಪಸ್ ತಗೊಂಡಿದ್ದೀನಿ."

"ಇರ್ಲಿ ಬಿಡು."

"ಇರ್ಲಿ ಬಿಡು ಅನ್ಬೇಡಿ. ಬೈಯಿರಿ. ಹೊಡೀರಿ."

"ಹೊಡೆಯೋಕೆ ಉಸಿರೆಲ್ಲಿದೆ?" ಎಂದ. ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದ: "ಅವಳಿಗೆ ಹೇಳ್ತಿದ್ಯಲ್ಲ, ಆ ಮನೆ ವಿಷಯ. ನನಗೂ ಹೇಳು. ಅವಾಗ ಮೂಲೇಲಿ ಕೂತು ಕೇಳ್ತಿದ್ದೆ, ನೆನಪಿದೆ, ಆದ್ರೆ ಪೂರ್ತಿ ಇಲ್ಲ."

ಅವಳು ಶುರು ಮಾಡಿದಳು. ಒಂದು ಬಾಗಿಲು ಇದೆ, ಎಂದಳು. ಅಷ್ಟೇ. ಮುಂದೆ ಹೋಗಲಾಗಲಿಲ್ಲ. ನಲವತ್ತು ವರ್ಷ ಕಣ್ಣು ಮುಚ್ಚಿದರೆ ಸಾಕು ಎದುರಿಗೆ ನಿಲ್ಲುತ್ತಿದ್ದ ಮನೆ ಈಗ ಎಲ್ಲಿಯೂ ಇರಲಿಲ್ಲ. ಕಿಟಕಿಯಿಲ್ಲ, ಗೋಡೆಯಿಲ್ಲ, ಮಗಳೂ ಇಲ್ಲ. ಬರೀ ಬಿಳಿ, ಆ ಹೊಂಡದ ಮೇಲಿನ ಕೆನೆಯಂಥ ಬಿಳಿ. ಅವಳು ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕೆ ನಿಲ್ಲಿಸಿದೆ?"

"ನನಗೆ ಏನೂ ಕಾಣ್ತಿಲ್ಲ ರೀ. ಎಲ್ಲಾ ನಾನೇ ಕಟ್ಟಿಕೊಂಡಿದ್ನೋ ಏನೋ. ನನಗೆ ಗೊತ್ತಿಲ್ಲ. ಏನೂ ಗೊತ್ತಿಲ್ಲ."

ಅವನು ಕಣ್ಣು ತೆರೆದು ಅವಳನ್ನು ದಿಟ್ಟಿಸಿದ. ಸಿಟ್ಟಾಗುತ್ತಾನೆ, ಇಲ್ಲವೇ ಗೋಡೆಯ ಕಡೆ ಹೊರಳುತ್ತಾನೆ ಎಂದುಕೊಂಡಳು. ಅವನು ನಿಧಾನವಾಗಿ ಕೈ ಚಾಚಿ ಅವಳ ಒದ್ದೆ ಏಪ್ರನ್ನಿನ ಅಂಚು ಹಿಡಿದ. "ಸದ್ಯ. ಇಷ್ಟು ವರ್ಷ ನೀನೊಬ್ಳೇ ಒಳಗಿದ್ದೆ. ಈಗ ಇಬ್ರೂ ಹೊರಗೆ."

ಆ ಮಾತು ಅವಳಿಗೆ ಸಮಾಧಾನ ತಂದಿತು ಎಂದರೆ ಸುಳ್ಳಾಗುತ್ತದೆ. ಅವಳು ಆ ಮಂಚದ ಅಂಚಿಗೆ ಹಣೆ ಒತ್ತಿ, ಮಗಳು ಸತ್ತ ದಿನವೂ ಅಳದ ಹಾಗೆ ಅತ್ತಳು. ಅವನೂ ಅತ್ತ, ಆದರೆ ಉಸಿರಿಲ್ಲದ್ದರಿಂದ ಸದ್ದು ಬರಲಿಲ್ಲ. ವಾರ್ಡಿನವರು ಬೇರೆ ಕಡೆ ನೋಡಿದರು.

ಆಮೇಲೆ ಅವಳೇ ತಲೆಯೆತ್ತಿ ಹೇಳಿದಳು: "ನೀವು ಮೊದ್ಲು ಹೋಗ್ತೀರಿ. ಅವಳು ಎದುರಿಗೆ ಬಂದ್ರೆ, ಅಮ್ಮ ಅವತ್ತು ಹೇಳಿದ್ದು ಸುಳ್ಳು, ತಪ್ಪಾಯ್ತು ಅಂತ ಹೇಳಿ ಕಳಿಸಿದಾಳೆ ಅನ್ನಿ. ನನಗೋಸ್ಕರ ಅಷ್ಟು ಹೇಳಿ. ಹೇಳೋಕಾದ್ರೂ ಹೋಗ್ಲೇಬೇಕಲ್ಲ ನೀವು."

ಅವನು ಏಪ್ರನ್ನಿನ ಅಂಚು ಬಿಡದೆ ಕೇಳಿದ: "ಅಲ್ಲಿ ಅವಳಿಗೆ ಈಗ ಎಷ್ಟು ವಯಸ್ಸಾಗಿರುತ್ತೆ? ಆರೋ, ಹದಿನೇಳೋ?"

"ಗೊತ್ತಿಲ್ಲ."

"ನನಗೆ ಗುರುತು ಸಿಗ್ಬೇಕಲ್ಲ."

"ಅವಳಿಗೆ ಸಿಗುತ್ತೆ ಬಿಡಿ" ಎಂದಳು. ಅಷ್ಟನ್ನು ಹೇಳಲು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ.

ಮೂರು ದಿನ ಬಿಟ್ಟು, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಡಾಕ್ಟರು ವಾರ್ಡು ಸುತ್ತಿ ಹೋದ ಮೇಲೆ ಅವನು ಹೋದ. ನರ್ಸಮ್ಮ ಹೇಳಿ ಕಳಿಸಿ, ಅವಳು ಹತ್ತಿ ಬರುವಷ್ಟರಲ್ಲಿ ಮುಗಿದಿತ್ತು. "ಕೊನೆಗೆ ಏನಾದ್ರೂ ಅಂದ್ರಾ?" ಎಂದು ಕೇಳಿದಳು. "ಇಲ್ಲಮ್ಮಾ. ಬಾಗಿಲ ಕಡೆ ಎರಡು ಸಲ ನೋಡಿದ್ರು" ಎಂದಳು ನರ್ಸಮ್ಮ. ತನಗಾಗಿ ನೋಡಿದನೋ, ಇನ್ನಾರಿಗಾಗಿಯೋ? ಪ್ರಾರ್ಥನೆ ಮಾಡಿದನೋ ಇಲ್ಲವೋ? ಕೇಳಲು ಯಾರೂ ಇರಲಿಲ್ಲ.

ಸಮಾಧಿ ಮಾಡುವ ಹಿಂದಿನ ದಿನ ಮಧ್ಯಾಹ್ನ ಪಾದ್ರಿಗಳು ಮನೆಗೆ ಬಂದು, ಏನು ಓದಲಿ, ಏನು ಹೇಳಲಿ ಎಂದು ಕೇಳಿದರು. "ಅವರು ಆ ಮನೆ ಸೇರಿದ್ರು ಅಂತ ಹೇಳ್ಬೇಡಿ. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸೇರಿಸ್ಕೋ ಅಂತ ಕೇಳಿ. ಎಲ್ರ ಎದುರಿಗೆ ಕೇಳಿ" ಎಂದಳು. ಪಾದ್ರಿಗಳು ಹಾಗೇ ಮಾಡಿದರು. ಮಗಳ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ಗುಂಡಿಯ ಅಂಚಿನಲ್ಲಿ ನಿಂತು ಅವರು ಆಜ್ಞೆ ಮಾಡುವ ದನಿಯಲ್ಲಲ್ಲ, ಬೋಧಿಸುವ ದನಿಯಲ್ಲೂ ಅಲ್ಲ, ಬಾಗಿಲು ತಟ್ಟುವವರ ದನಿಯಲ್ಲಿ ಕೇಳಿದರು. ಇಸ್ತ್ರಿಯಣ್ಣ ಎಂದೂ ಚರ್ಚಿಗೆ ಬಾರದವನು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮೊದಲು ಆಮೆನ್ ಎಂದ.

ನಾಲ್ಕನೆಯ ದಿನ ಅವಳು ಕೆಲಸಕ್ಕೆ ಹೋದಳು. ಎದೆ ವಾರ್ಡಿನ ಟ್ರಾಲಿ ಎಂದಿನಂತೆ ಇಳಿದು ಬಂತು. ಅವಳು ಮೊದಲ ಹೊದಿಕೆ ಎತ್ತಿಕೊಂಡಳು, ಬಾಯಿ ತೆರೆದಳು, ಮಾತು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಇಸ್ತ್ರಿಯಣ್ಣ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಂದು ಅವಳ ಜೊತೆ ವಿಂಗಡಿಸತೊಡಗಿದ. ಅದು ಅವನ ಕೆಲಸವಲ್ಲ.

ಸ್ವಲ್ಪ ಹೊತ್ತಿನ ಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದ: "ಅಕ್ಕಾ, ತಪ್ಪು ತಿಳ್ಕೋಬೇಡ. ಅವನು ಅಲ್ಲಿದ್ದಾನಾ?"

ಅವಳು ಕೈಯಲ್ಲಿದ್ದ ಹೊದಿಕೆಯ ನಾಲ್ಕೂ ಮೂಲೆ ಹುಡುಕಿ ಹಿಡಿದಳು. "ಇರ್ಲೇಬೇಕು ಅಣ್ಣಾ" ಎಂದಳು. ಗೊತ್ತಿರುವವರು ಹೇಳುವ ದನಿ ಅದಾಗಿರಲಿಲ್ಲ. ಇರಲೇಬೇಕು, ಇಲ್ಲದಿದ್ದರೆ ಆಗದು ಎಂದು ಹಟ ಹಿಡಿದವರ ದನಿ. ಅದನ್ನೇ ಇನ್ನೊಂದು ಸಲ ಹೇಳಿದಳು, ಈ ಸಲ ಅವನಿಗಲ್ಲ, ಮೇಲಿನ ತಂದೆಗೆ. ಮಿಕ್ಕ ಹೊದಿಕೆಗಳನ್ನು ಇಬ್ಬರೂ ಸೇರಿ ಯಂತ್ರಕ್ಕೆ ತುಂಬಿದರು.